ಹನ್ನೆರಡು ಎಳೆ ಬೆಳಕು



ಬಳ್ಳಾರಿಯ ಈ ದತ್ತಿ ಉಪನ್ಯಾಸದಲ್ಲಿ ಯಾವ ವಿಷಯದ ಮೇಲೆ ಮಾತನಾಡುತ್ತೀರಿ ಎಂದು ಸಂಘಟಕರು ಕೇಳಿದಾಗ ನನ್ನ ಕಸುಬಿನ ವಿಷಯವನ್ನೇ ಹೇಳಿದೆ. ಕಂಪ್ಯೂಟರುಗಳ ನಡುವೆ ಓಡಾಡುವ ದತ್ತಾಂಶವನ್ನು ಬೆಳಕಾಗಿಸಿ ಕಳಿಸುವ ಪ್ರೇಷಕದ ವಿನ್ಯಾಸ. ಅದರಲ್ಲೂ ಒಂದೇ ಬೆಳಕಿನದಲ್ಲ. ಪಕ್ಕಪಕ್ಕದಲ್ಲಿ ನಾಲ್ಕು, ಎಂಟು, ಹನ್ನೆರಡು ಲೇಸರ್‌ಗಳು ಒಟ್ಟಿಗೆ ಮಿಡಿಯುವ ಸಮಾಂತರ ಪ್ರೇಷಕ. ಅಂಗೈಯಲ್ಲಿ ಹಿಡಿಯಬಹುದಾದ ಒಂದು ಲೋಹದ ಡಬ್ಬಿಯೊಳಗೆ ಅದು ಕೂತಿರುತ್ತದೆ. ಹೊರಗಿನಿಂದ ನೋಡಿದರೆ ಅದರಲ್ಲಿ ನೋಡುವಂಥದ್ದೇನೂ ಇಲ್ಲ. ಒಳಗೆ ಮಾತ್ರ ಭೌತಶಾಸ್ತ್ರ, ವಿದ್ಯುತ್ತು, ಶಾಖ, ಯಂತ್ರಕೌಶಲ ನಾಲ್ಕೂ ಒಂದೇ ಜಾಗಕ್ಕೆ ಜಗಳವಾಡುತ್ತಿರುತ್ತವೆ. ಆ ಜಗಳವನ್ನು ಬಗೆಹರಿಸುವುದನ್ನೇ ನಾವು ವಿನ್ಯಾಸ ಎನ್ನುತ್ತೇವೆ.

ಈ ಬೆಳಕು ನಮ್ಮ ಊರುಗಳಿಗೆ ಹೇಗೆ ಬರುತ್ತದೆ ಎಂಬುದರಿಂದ ಶುರುಮಾಡೋಣ. ಇಲ್ಲೇ ಹತ್ತಿರದ ಕುರುಗೋಡಿನ ರೈತರೊಬ್ಬರು ಪಹಣಿ ಕೇಳಿದರು ಎನ್ನಿ. ಹಿಂದೆ ಶಾನುಭೋಗರ ದಫ್ತರದಲ್ಲಿ ಕೈಬರಹದಲ್ಲಿದ್ದ ದಾಖಲೆ 2000ರ ಸುಮಾರಿಗೆ ಭೂಮಿ ಯೋಜನೆ ಬಂದ ಮೇಲೆ ಕಂಪ್ಯೂಟರು ಸೇರಿತು. ಈಗ ಕೋರಿಕೆ ಊರಿನಿಂದ ಹೊರಟು ಬೆಂಗಳೂರಿನ ಸರ್ವರ್ ಮುಟ್ಟಿ ಹಿಂದಿರುಗುತ್ತದೆ. ಹಳ್ಳಿಗಳವರೆಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ಮುಂದೆ ಭಾರತ್‌ನೆಟ್ ಆಯಿತು. ಗ್ರಾಮ ಪಂಚಾಯಿತಿಯ ಗೋಡೆಯ ಮೇಲಿರುವ ಆ ಪುಟ್ಟ ಪೆಟ್ಟಿಗೆಯನ್ನು ನೀವು ನೋಡಿರುತ್ತೀರಿ. ಅದಕ್ಕೆ ಬರುವ ಬೆಳಕು ಆ ಒಂದು ಪಂಚಾಯಿತಿಗೇ ಮೀಸಲಾದದ್ದಲ್ಲ. ಜಿಪಾನ್ ಎಂಬ ಆ ಪದ್ಧತಿಯಲ್ಲಿ ಸೆಕೆಂಡಿಗೆ 2.5 ಗಿಗಾಬಿಟ್‌ನ ಒಂದೇ ಬೆಳಕನ್ನು ದಾರಿಯಲ್ಲಿ ಸೀಳಿ ಹಲವರಿಗೆ ಹಂಚುತ್ತಾರೆ. ಒಂದು ಎಳೆ, ಹಲವು ಮನೆ.

ಡೇಟಾ ಸೆಂಟರಿನ ಒಳಗೆ ಹೋದರೆ ಲೆಕ್ಕ ತಿರುವುಮುರುವು. ಅಲ್ಲಿ ಒಂದು ಯಂತ್ರ ಪಕ್ಕದ ಸಾಲಿನ ಇನ್ನೊಂದು ಯಂತ್ರದೊಡನೆ ಮಾತಾಡಲು ಒಂದು ಎಳೆ ಸಾಲದು, ಹಲವು ಎಳೆ ಬೇಕು. ಹೊರಗಿನಿಂದ ಬಂದು ಹೋಗುವ ದತ್ತಾಂಶಕ್ಕಿಂತ ಒಳಗೊಳಗೇ ಓಡಾಡುವ ದತ್ತಾಂಶ ಹೆಚ್ಚು. ನೀವು ಒಂದು ಪದವನ್ನು ಹುಡುಕಿದರೆ ನೂರಾರು ಸರ್ವರುಗಳು ತಮ್ಮತಮ್ಮಲ್ಲೇ ಕೇಳಿಕೊಂಡು ಉತ್ತರ ಕಟ್ಟುತ್ತವೆ. ಈಗಿನ ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ತರಬೇತುಗೊಳಿಸುವಾಗ ಸಾವಿರಾರು ಪ್ರೊಸೆಸರುಗಳು ಪ್ರತಿ ಹೆಜ್ಜೆಗೂ ತಮ್ಮ ಲೆಕ್ಕವನ್ನು ಒಂದಕ್ಕೊಂದು ಒಪ್ಪಿಸಬೇಕು. ಒಂದು ಕೊಂಡಿ ತಡಮಾಡಿದರೂ ಉಳಿದವು ಕೈಕಟ್ಟಿ ಕೂರಬೇಕಾಗುತ್ತದೆ.

ತಾಮ್ರದ ತಂತಿಯಲ್ಲೇ ಕಳಿಸಬಾರದೇ ಎಂದು ಕೇಳಬಹುದು. ಕಳಿಸುತ್ತೇವೆ, ಅಡಿ ಗಜಗಳ ದೂರಕ್ಕೆ. ವೇಗ ಹೆಚ್ಚಿದಷ್ಟೂ ವಿದ್ಯುತ್ತು ತಂತಿಯ ಒಳಗನ್ನು ಬಿಟ್ಟು ಹೊರಮೈಯಲ್ಲಷ್ಟೇ ಹರಿಯುತ್ತದೆ. ತಂತಿಯ ಸುತ್ತಲಿನ ಪ್ಲಾಸ್ಟಿಕ್ಕೂ ಶಕ್ತಿಯನ್ನು ಹೀರುತ್ತದೆ. ಕೇಬಲಿನೊಳಗಿನ ಒಂದೊಂದು ಸಾಲಿಗೆ (ಲೇನ್) 25 ಗಿಗಾಬಿಟ್ ವೇಗವಿದ್ದಾಗ 5 ಮೀಟರ್‌ವರೆಗೆ ಎಳೆಯುತ್ತಿದ್ದ ತಾಮ್ರದ ಕೇಬಲ್, 100 ಗಿಗಾಬಿಟ್‌ಗೆ ಏರಿದಾಗ 2 ಮೀಟರ್‌ಗೆ ಇಳಿಯಿತು. ಎರಡು ಮೀಟರಿನಲ್ಲಿ ಒಂದು ರ್ಯಾಕಿನ ತಲೆಯಿಂದ ಬುಡ ಮುಟ್ಟಬಹುದು, ರ್ಯಾಕುಗಳ ಮುಂದಿನ ಸಾಲನ್ನು ಮುಟ್ಟಲಾಗದು. ಅಲ್ಲಿಂದಾಚೆಗೆ ಗಾಜಿನ ಎಳೆಯೇ ಗತಿ.

ಹಾಗಾದರೆ ಹಲವು ಲೇಸರ್ ಏಕೆ, ಒಂದನ್ನೇ ವೇಗವಾಗಿ ಓಡಿಸಿದರಾಗದೇ? ಇದಕ್ಕೆ ಉತ್ತರ ಸಿರುಗುಪ್ಪದ ಯಾವುದೇ ಅಕ್ಕಿ ಗಿರಣಿಯಲ್ಲಿ ಸಿಗುತ್ತದೆ. ಗಿರಣಿಯವರು ಸಾರ್ಟೆಕ್ಸ್ ಎಂದು ಕರೆಯುವ ಯಂತ್ರದ ಮುಂದೆ ಐದು ನಿಮಿಷ ನಿಂತು ನೋಡಿ. ಮೇಲಿನಿಂದ ಅಕ್ಕಿ ಅದುರುತ್ತಾ ಬಂದು ಇಳಿಜಾರಾದ ಚ್ಯೂಟ್‌ಗಳಲ್ಲಿ ಜಾರುತ್ತದೆ. ಕೆಳತುದಿಯಲ್ಲಿ ದೀಪ, ಕ್ಯಾಮೆರಾ. ಕಪ್ಪು ಕಾಳೋ ಹಳದಿ ಕಾಳೋ ಕಂಡ ಕೂಡಲೇ ಗಾಳಿಯ ಒಂದು ಪುಟ್ಟ ಹೊಡೆತ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಗಂಟೆಗೆ ಹೆಚ್ಚು ಟನ್ ಬೇಕೆಂದರೆ ಕಾಳು ಬೀಳುವ ವೇಗವನ್ನು ಹೆಚ್ಚಿಸಲಾಗದು, ಅದು ಭೂಮಿಯ ಸೆಳೆತಕ್ಕೆ ಬಿಟ್ಟದ್ದು. ಆದ್ದರಿಂದ ಚ್ಯೂಟ್‌ಗಳನ್ನು ಪಕ್ಕಪಕ್ಕದಲ್ಲಿ ಹೆಚ್ಚಿಸುತ್ತಾರೆ. ಆಮೇಲಿನ ಕಷ್ಟವೆಲ್ಲ ಆ ಚ್ಯೂಟ್‌ಗಳನ್ನು ಸಮ ಮಾಡುವುದರಲ್ಲಿದೆ. ಒಂದರ ಗಾಜಿಗೆ ತೌಡಿನ ಧೂಳು ಕೂತರೆ ಆ ಒಂದು ಚ್ಯೂಟ್ ಒಳ್ಳೆಯ ಕಾಳನ್ನೂ ಹೊರಗೆಸೆಯುತ್ತದೆ, ಇಲ್ಲವೇ ಕೆಟ್ಟದ್ದನ್ನು ಒಳಗೆ ಬಿಡುತ್ತದೆ. ಮೂಟೆಯ ದರ ಆ ಒಂದು ಚ್ಯೂಟ್‌ನಿಂದ ಬೀಳುತ್ತದೆ. ಸಮಾಂತರ ಪ್ರೇಷಕದ ವಿನ್ಯಾಸದ ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತೂ ಇದೇ. ವೇಗ ಬರುವುದು ಸಾಲಿನಿಂದ. ಆ ಸಾಲಿನ ಯೋಗ್ಯತೆ ಅದರ ಅತಿ ದುರ್ಬಲ ಲೇಸರಿನಷ್ಟೇ.

ಗಿರಣಿಯಲ್ಲಿ ಭೂಮಿಯ ಸೆಳೆತ ಹೇಗೋ ಲೇಸರಿನಲ್ಲಿ ಒಂದು ವರ್ಗಮೂಲದ ನಿಯಮ ಹಾಗೆ. ಲೇಸರ್ ಎಷ್ಟು ಬೇಗ ಹೊತ್ತಿ ಆರಬಲ್ಲದು ಎಂಬುದು ಅದರೊಳಗಿನ ಒಂದು ಸಹಜ ಆಂದೋಲನದ ಮೇಲೆ ನಿಂತಿದೆ. ಲೇಸರ್ ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಕರೆಂಟಿನ ಮೇಲೆ ನಾವು ಎಷ್ಟು ಹೆಚ್ಚುವರಿ ಕೊಡುತ್ತೇವೋ ಅದರ ವರ್ಗಮೂಲದಷ್ಟು ಮಾತ್ರ ಆ ಆಂದೋಲನ ಏರುತ್ತದೆ. ಎರಡು ಪಟ್ಟು ವೇಗಕ್ಕೆ ನಾಲ್ಕು ಪಟ್ಟು ಹೆಚ್ಚುವರಿ ಕರೆಂಟ್. ನಾಲ್ಕು ಪಟ್ಟು ವೇಗಕ್ಕೆ ಹದಿನಾರು ಪಟ್ಟು. ಅಷ್ಟು ಕರೆಂಟಿಗೆ ಮುಂಚೆಯೇ ಲೇಸರ್ ಕಾದು, ಕರೆಂಟ್ ಹೆಚ್ಚಿಸಿದಷ್ಟೂ ಬೆಳಕು ಕಡಿಮೆಯಾಗತೊಡಗುತ್ತದೆ. ಅದರ ಬದಲು ನಾಲ್ಕು ಲೇಸರ್ ಪಕ್ಕಪಕ್ಕ ಇಟ್ಟರೆ ನಾಲ್ಕು ಪಟ್ಟು ದತ್ತಾಂಶಕ್ಕೆ ನಾಲ್ಕು ಪಟ್ಟೇ ಕರೆಂಟು. ಇಡೀ ಸಮಾಂತರ ಪ್ರೇಷಕದ ಸಮರ್ಥನೆ ಈ ಒಂದು ಲೆಕ್ಕದಲ್ಲಿದೆ.

ಈ ಸಾಲನ್ನು ಸಾಧ್ಯ ಮಾಡಿದ ಲೇಸರಿನ ಹೆಸರು ವಿಕ್ಸೆಲ್. ಟೋಕಿಯೋ ತಾಂತ್ರಿಕ ಸಂಸ್ಥೆಯ ಕೆನಿಚಿ ಇಗಾ 1977ರಲ್ಲಿ ಇದರ ಕಲ್ಪನೆ ಮಾಡಿದರು. ಸಾಮಾನ್ಯ ಉಷ್ಣತೆಯಲ್ಲಿ ಬಿಡದೆ ಉರಿಯುವಂತೆ ಮಾಡಲು ಅವರ ತಂಡಕ್ಕೆ 1988ರವರೆಗೆ ಹಿಡಿಯಿತು. ಅದಕ್ಕೆ ಮುಂಚಿನ ಅರೆವಾಹಕ ಲೇಸರುಗಳಲ್ಲಿ ಬೆಳಕು ಚಿಪ್ಪಿನ ಅಂಚಿನಿಂದ ಹೊರಬರುತ್ತಿತ್ತು. ಲೇಸರುಗಳನ್ನು ಬೆಳೆಸುವ ಅರೆವಾಹಕದ ಬಿಲ್ಲೆಯನ್ನು (ವೇಫರ್) ಸೀಳಿ ಅಂಚು ಮಾಡುವವರೆಗೆ ಲೇಸರ್ ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುತ್ತಿರಲಿಲ್ಲ. ಇಗಾ ಅವರ ಲೇಸರಿನಲ್ಲಿ ಬೆಳಕು ನೆಟ್ಟಗೆ ಮೇಲಕ್ಕೆ ಬರುತ್ತದೆ. ಹಾಗಾಗಿ ಒಂದೇ ಬಿಲ್ಲೆಯ ಮೇಲೆ ಸಾವಿರಾರು ಲೇಸರ್ ಬೆಳೆಸಿ, ಕತ್ತರಿಸುವ ಮೊದಲೇ ಪ್ರತಿಯೊಂದನ್ನೂ ಅಳೆದು, ನಾಲ್ಕರದೋ ಹನ್ನೆರಡರದೋ ಸಾಲನ್ನು ಹಾಗೇ ಎತ್ತಿಕೊಳ್ಳಬಹುದು. ಪಕ್ಕಪಕ್ಕದಲ್ಲಿ ಹುಟ್ಟಿದವು ಗುಣದಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಸಮತೆಯ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ಇನ್ನರ್ಧ ನಮ್ಮ ಪಾಲಿನದು. ಡಬ್ಬಿಯ ಮುಚ್ಚಳ ತೆಗೆದು ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಮೊದಲು ಕಾಣುವುದು ಚಿನ್ನದ ತಂತಿಗಳ ಸಾಲು. ಹನ್ನೆರಡು ಲೇಸರ್ ಇರುವ ಚಿಪ್ಪಿನ ಉದ್ದ ಸುಮಾರು 3 ಮಿಲಿಮೀಟರ್. ಒಂದು ಲೇಸರಿನಿಂದ ಇನ್ನೊಂದಕ್ಕೆ 250 ಮೈಕ್ರಾನ್ ಅಂತರ, ಅಂದರೆ ಮಿಲಿಮೀಟರಿನ ಕಾಲು ಭಾಗ. ಈ ಅಳತೆ ಲೇಸರ್ ಮಾಡುವವರು ಆರಿಸಿಕೊಂಡದ್ದಲ್ಲ. ಗಾಜಿನ ಎಳೆಯ ದಪ್ಪ 125 ಮೈಕ್ರಾನ್, ಮೇಲಿನ ಹೊದಿಕೆ ಸೇರಿದರೆ 250. ಎಳೆಗಳನ್ನು ಒತ್ತೊತ್ತಾಗಿ ಜೋಡಿಸಿ ರಿಬ್ಬನ್ ಮಾಡಿದರೆ ಸಿಗುವ ಅಂತರವದು. ಚಿಪ್ಪಿನವರು ಅದಕ್ಕೇ ಹೊಂದಿಕೊಂಡರು. ಪ್ರತಿ ಲೇಸರಿನ ಬೆಳಕಿನ ಕಿಂಡಿ ಏಳೆಂಟು ಮೈಕ್ರಾನ್ ಅಗಲ. ಉರಿಯುತ್ತಿದ್ದರೂ ಕಣ್ಣಿಗೆ ಏನೂ ಕಾಣುವುದಿಲ್ಲ. ತರಂಗಾಂತರ 850 ನ್ಯಾನೋಮೀಟರ್, ನಮ್ಮ ದೃಷ್ಟಿಯ ಆಚೆಗಿನದು. ಕಾಣುವುದಿಲ್ಲವೆಂದು ಕನೆಕ್ಟರಿನ ತುದಿಗೆ ಕಣ್ಣಿಟ್ಟು ನೋಡುವ ಹುಡುಗರನ್ನು ಕಂಡಿದ್ದೇನೆ. ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ. ರೆಪ್ಪೆ ಮುಚ್ಚಿಕೊಳ್ಳುವುದು ಕಾಣುವ ಬೆಳಕಿಗೆ ಮಾತ್ರ.

ಲೇಸರ್ ಚಿಪ್ಪಿನ ಪಕ್ಕದಲ್ಲೇ ಡ್ರೈವರ್ ಚಿಪ್. ಅದರ ಕೆಲಸ ಎರಡು. ಲೇಸರ್ ಸದಾ ಹೊತ್ತಿರುವಂತೆ ಕೆಲವು ಮಿಲಿಆಂಪಿಯರ್ ಕರೆಂಟನ್ನು ಹರಿಸುತ್ತಿರುವುದು ಒಂದು. ಅದರ ಮೇಲೆ ಒಂದು-ಸೊನ್ನೆಗಳಿಗೆ ತಕ್ಕಂತೆ ಏರಿಸಿ ಇಳಿಸುವುದು ಇನ್ನೊಂದು. ಪೂರ್ತಿ ಆರಿಸಿ ಹೊತ್ತಿಸಿದರೆ ಲೇಸರ್ ಎಚ್ಚೆತ್ತುಕೊಳ್ಳುವಷ್ಟರಲ್ಲಿ ಮುಂದಿನ ಬಿಟ್ ಬಂದಿರುತ್ತದೆ. ಹಾಗಾಗಿ ಸೊನ್ನೆ ಎಂದರೆ ಕತ್ತಲೆಯಲ್ಲ, ಮಂದ ಬೆಳಕು.

ಈ ಎರಡು ಚಿಪ್ಪುಗಳ ನಡುವಿನ ಚಿನ್ನದ ತಂತಿಯನ್ನು ಹೊಸಬರು ಬರೀ ತಂತಿ ಎಂದು ತಿಳಿಯುತ್ತಾರೆ. ಒಂದು ಮಿಲಿಮೀಟರ್ ತಂತಿಗೆ ಸುಮಾರು ಒಂದು ನ್ಯಾನೋಹೆನ್ರಿ ಇಂಡಕ್ಟೆನ್ಸ್ ಇದೆ. 10 ಗಿಗಾಬಿಟ್ ವೇಗದಲ್ಲಿ ಅದು ಸುಮಾರು 31 ಓಮ್ ಅಡ್ಡಿಯಾಗುತ್ತದೆ. 25 ಗಿಗಾಬಿಟ್‌ಗೆ ಹೋದರೆ 80 ಓಮ್. ಲೇಸರಿನ ಸ್ವಂತ ರೋಧವೇ 50ರಿಂದ 70 ಓಮ್‌ನಷ್ಟು ಇರುವಾಗ, ಬರೀ ತಂತಿ ಎಂದುಕೊಂಡದ್ದು ಲೇಸರಿಗಿಂತ ದೊಡ್ಡ ಹೊರೆಯಾಗಿ ಕೂರುತ್ತದೆ. ಅದಕ್ಕೇ ತಂತಿಯನ್ನು ಸಾಧ್ಯವಾದಷ್ಟು ಗಿಡ್ಡ ಮಾಡುತ್ತೇವೆ. ಇಲ್ಲವೇ ತಂತಿಯನ್ನೇ ಬಿಟ್ಟು ಚಿಪ್ಪನ್ನು ಮಗುಚಿ ಬೆಸೆಯುತ್ತೇವೆ. ಉಳಿದ ನಷ್ಟಕ್ಕೆ ಡ್ರೈವರಿನಲ್ಲೇ ಮದ್ದು: ಸೊನ್ನೆಯಿಂದ ಒಂದಕ್ಕೆ ಏರುವ ಕ್ಷಣದಲ್ಲಿ ಬೇಕಾದದ್ದಕ್ಕಿಂತ ತುಸು ಹೆಚ್ಚು ಕರೆಂಟ್ ಕೊಟ್ಟು ಒಡನೆ ಹಿಂದಕ್ಕೆ ತೆಗೆಯುವುದು. ಹೆಚ್ಚು ಕೊಟ್ಟರೆ ಬೆಳಕು ಕುಣಿಯುತ್ತದೆ, ಕಡಿಮೆಯಾದರೆ ತೂಕಡಿಸುತ್ತದೆ. ಆ ಹದ ಕೈಗೆ ಹತ್ತಲು ಕಾಲ ಬೇಕು.

ಹನ್ನೆರಡು ತಂತಿ ಪಕ್ಕಪಕ್ಕ ನಿಂತಾಗ ಇನ್ನೊಂದು ತೊಂದರೆ ಏಳುತ್ತದೆ. ಒಂದರಲ್ಲಿ ಕರೆಂಟ್ ದಿಢೀರನೆ ಏರಿದರೆ ಪಕ್ಕದ್ದರಲ್ಲಿ ಅದರ ನೆರಳು ಬೀಳುತ್ತದೆ. ಇದಕ್ಕೆ ಕ್ರಾಸ್‌ಟಾಕ್ ಎನ್ನುತ್ತೇವೆ. ಅಂಚಿನ ಲೇಸರಿಗೆ ಒಬ್ಬ ನೆರೆಯವ, ನಡುವಿನದಕ್ಕೆ ಇಬ್ಬರು. ಅಲ್ಲದೆ ಹನ್ನೆರಡು ಲೇಸರುಗಳ ಕರೆಂಟೂ ಸಾಮಾನ್ಯವಾಗಿ ಒಂದೇ ತಳದ ಮೂಲಕ ಹಿಂದಿರುಗುತ್ತದೆ. ಅಕಸ್ಮಾತ್ ಹನ್ನೊಂದು ಲೇಸರುಗಳು ಒಂದೇ ಕ್ಷಣಕ್ಕೆ ಏರಿ, ಹನ್ನೆರಡನೆಯದು ಇಳಿಯಬೇಕಾಗಿ ಬಂದರೆ, ತಳದ ವೋಲ್ಟೇಜೇ ಅಲುಗಿ ಆ ಒಂಟಿ ಲೇಸರಿನ ಬಿಟ್ ಕಲಸಿಹೋಗುತ್ತದೆ. ಒಂದೊಂದನ್ನೇ ಬೇರೆಬೇರೆಯಾಗಿ ಅಳೆದಾಗ ಎಲ್ಲವೂ ಚೆನ್ನಾಗಿರುತ್ತವೆ. ಒಟ್ಟಿಗೆ ಓಡಿಸಿದಾಗಲೇ ರೋಗ ಕಾಣುವುದು. ಹಾಗಾಗಿ ಈ ಕಸುಬಿನಲ್ಲಿ ಒಂದು ಶಿಸ್ತಿದೆ: ಅಳೆಯುವ ಲೇಸರಿನ ಎಲ್ಲ ನೆರೆಯವರನ್ನೂ ಹೊಡೆದೆಬ್ಬಿಸಿಯೇ ಅಳೆಯಬೇಕು. ಕರೆಂಟಿನ ಒಟ್ಟು ಮೊತ್ತ ಬದಲಾಗದಂತೆ ನೋಡಿಕೊಳ್ಳುವ ಡ್ರೈವರಿನ ರಚನೆಯೂ ಇದೆ. ಸೊನ್ನೆಗೆ ಇಳಿದಾಗ ಉಳಿದ ಕರೆಂಟನ್ನು ಅದು ಲೇಸರಿನ ಬದಲು ಪಕ್ಕದ ಒಂದು ಹಾದಿಗೆ ತಿರುಗಿಸುತ್ತದೆ. ವಿದ್ಯುತ್ತು ತುಸು ಪೋಲು, ಆದರೆ ತಳ ಅಲುಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಪೋಲು ಕೊಡಬೇಕಾದ ಬೆಲೆಯೇ. ಅದನ್ನು ಉಳಿಸಲು ಹೋದವರು ಪರೀಕ್ಷೆಯ ಮೇಜಿನ ಮುಂದೆ ಹತ್ತು ಪಟ್ಟು ಕಳೆದುಕೊಳ್ಳುತ್ತಾರೆ.

ಇನ್ನು ಕಾಲದ ವಿಷಯ. ಗಾಜಿನೊಳಗೆ ಬೆಳಕು ಒಂದು ಮೀಟರ್ ಹೋಗಲು ಸುಮಾರು 5 ನ್ಯಾನೋಸೆಕೆಂಡ್ ಹಿಡಿಯುತ್ತದೆ. 10 ಗಿಗಾಬಿಟ್ ವೇಗದಲ್ಲಿ ಒಂದು ಬಿಟ್ಟಿನ ಆಯಸ್ಸು 100 ಪಿಕೋಸೆಕೆಂಡ್. ಎಳೆಯೊಳಗೆ ಅದು ಆಕ್ರಮಿಸುವ ಉದ್ದ 2 ಸೆಂಟಿಮೀಟರ್. 25ಕ್ಕೆ ಬಂದರೆ 8 ಮಿಲಿಮೀಟರ್. ಈಗಿನ 53 ಗಿಗಾಬಾಡ್ (ಸೆಕೆಂಡಿಗೆ ಅಷ್ಟು ಶತಕೋಟಿ ಮಿಡಿತ) ವೇಗದಲ್ಲಿ 4 ಮಿಲಿಮೀಟರಿಗೂ ಕಡಿಮೆ. ಸಿರುಗುಪ್ಪದ ಸೋನಾ ಮಸೂರಿಯ ಒಂದು ಕಾಳಿಗಿಂತ ಗಿಡ್ಡ! ಹನ್ನೆರಡು ಎಳೆಗಳ ಉದ್ದವನ್ನು ಒಂದು ಕಾಳಿನಷ್ಟೂ ಹೆಚ್ಚುಕಡಿಮೆಯಿಲ್ಲದೆ ನೂರು ಮೀಟರ್ ಎಳೆಯಲು ಯಾರಿಂದಲೂ ಆಗದು. 2010ರ ಜೂನ್‌ನಲ್ಲಿ ಅಂಗೀಕಾರವಾದ 40 ಮತ್ತು 100 ಗಿಗಾಬಿಟ್ ಈಥರ್ನೆಟ್ ಮಾನಕ ಇದನ್ನು ಬಹಳ ಚಂದವಾಗಿ ಬಗೆಹರಿಸಿತು. ಪ್ರತಿ ಸಾಲಿನಲ್ಲೂ 66 ಬಿಟ್ಟುಗಳ ಕಂತೆಗಳು ಹೋಗುತ್ತವೆ. 16,383 ಕಂತೆಗಳಿಗೊಮ್ಮೆ ಒಂದು ಗುರುತಿನ ಕಂತೆ. ಆ ಕಡೆ ಸ್ವೀಕರಿಸುವವರು ಎಲ್ಲ ಸಾಲುಗಳ ಗುರುತುಗಳನ್ನೂ ಹಿಡಿದು, ಮುಂದೆ ಬಂದದ್ದನ್ನು ತಡೆದು ನಿಲ್ಲಿಸಿ, ಹಿಂದುಳಿದದ್ದು ಬಂದ ಮೇಲೆ ಸಾಲು ಕಟ್ಟುತ್ತಾರೆ. ಎಳೆಗಳು ಅದಲುಬದಲಾಗಿದ್ದರೂ ಗುರುತು ನೋಡಿ ಯಾವುದು ಯಾವುದೆಂದು ತಿಳಿಯುತ್ತದೆ. ಉದ್ದದ ಸಮಸ್ಯೆಯನ್ನು ಗಾಜಿನಲ್ಲಿ ಬಗೆಹರಿಸದೆ ಲೆಕ್ಕದಲ್ಲಿ ಬಗೆಹರಿಸಿದ ಈ ಉಪಾಯವನ್ನು ನಾನು ಎಷ್ಟು ಸಲ ಪಾಠ ಮಾಡಿದರೂ ಹೊಸ ಸಂತೋಷ ಕೊಡುತ್ತದೆ.

ಅದೇ ಮಾನಕದ 40 ಗಿಗಾಬಿಟ್ ಕೊಂಡಿಯಲ್ಲಿ 10 ಗಿಗಾಬಿಟ್ಟಿನ ನಾಲ್ಕು ಸಾಲು. ಕನೆಕ್ಟರಿನಲ್ಲಿ ಹನ್ನೆರಡು ಎಳೆ. ಒಂದು ಬದಿಯ ನಾಲ್ಕು ಕಳಿಸಲು, ಇನ್ನೊಂದು ಬದಿಯ ನಾಲ್ಕು ಪಡೆಯಲು, ನಡುವಿನ ನಾಲ್ಕು ಖಾಲಿ. ಆ ಕಾಲದ ಓಎಂ3 ದರ್ಜೆಯ ಎಳೆಯಲ್ಲಿ 100 ಮೀಟರ್ ದೂರ. 2015ರಲ್ಲಿ ಅದೇ ನಾಲ್ಕು ಸಾಲು 25 ಗಿಗಾಬಿಟ್‌ಗೆ ಏರಿತು, ಅದೇ ಎಳೆಯಲ್ಲಿ ದೂರ 70 ಮೀಟರಿಗೆ ಇಳಿಯಿತು. ಆಮೇಲೆ ಬಂದದ್ದು ಪಾಮ್-4. ಸೊನ್ನೆ ಒಂದು ಎಂಬ ಎರಡು ಮಟ್ಟದ ಬದಲು ಬೆಳಕಿಗೆ ನಾಲ್ಕು ಮಟ್ಟ, ಒಂದು ಮಿಡಿತಕ್ಕೆ ಎರಡು ಬಿಟ್. ಲಾಭ ಇಮ್ಮಡಿಯಾದರೂ ಮಟ್ಟಗಳ ನಡುವಿನ ಅಂತರ ಮೂರನೇ ಒಂದಕ್ಕೆ ಕುಗ್ಗಿತು, ತಪ್ಪುಗಳು ಖಚಿತವಾದವು. ಅವನ್ನು ಒಪ್ಪಿಕೊಂಡೇ ವಿನ್ಯಾಸ ಮಾಡುವ ಕಾಲ ಬಂತು. 544 ಸಂಕೇತಗಳ ಕಟ್ಟಿನಲ್ಲಿ 514 ಮಾತ್ರ ನಿಜವಾದ ದತ್ತಾಂಶ, 30 ತಿದ್ದುವುದಕ್ಕೆ ಇಟ್ಟ ಕಾವಲು. 15 ಸಂಕೇತಗಳವರೆಗೆ ಕೆಟ್ಟರೂ ಸರಿಮಾಡಿಕೊಳ್ಳಬಹುದು.

ಶಾಖದ ಮಾತನ್ನು ಬಳ್ಳಾರಿಯಲ್ಲಿ ನಿಂತು ಎತ್ತದಿದ್ದರೆ ತಪ್ಪಾದೀತು. ಲೇಸರ್ ಬಿಸಿಯಾದಷ್ಟೂ ಅದೇ ಕರೆಂಟಿಗೆ ಕಡಿಮೆ ಬೆಳಕು ಕೊಡುತ್ತದೆ. ಬೆಳಕನ್ನು ಉಳಿಸಿಕೊಳ್ಳಲು ಕರೆಂಟ್ ಏರಿಸಿದರೆ ಇನ್ನಷ್ಟು ಬಿಸಿ. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಡೇಟಾ ಸೆಂಟರಿನ ಮಾಡ್ಯೂಲುಗಳನ್ನು, ಅಂದರೆ ಈ ಡಬ್ಬಿಗಳನ್ನು, ಸಾಮಾನ್ಯವಾಗಿ ಮೈಯ ಉಷ್ಣತೆ 0ಯಿಂದ 70 ಡಿಗ್ರಿವರೆಗೆ ಎಂದು ಮಾಡಿರುತ್ತಾರೆ. ಮೈ 70 ಇದ್ದರೆ ಒಳಗಿನ ಲೇಸರ್ ಇನ್ನೂ ಹೆಚ್ಚು ಬೇಯುತ್ತಿರುತ್ತದೆ. ಅದರಲ್ಲೂ ಸಾಲಿನ ನಡುವಿನ ಲೇಸರಿಗೆ ಎರಡೂ ಕಡೆಯಿಂದ ಝಳ. ಅಂಚಿನವು ತುಸು ತಂಪು. ಹುಟ್ಟುವಾಗ ಸಮನಾಗಿದ್ದ ಹನ್ನೆರಡು, ಓಡತೊಡಗಿದ ಮೇಲೆ ಸಮನಾಗಿ ಉಳಿಯುವುದಿಲ್ಲ. ಅದಕ್ಕಾಗಿ ಡಬ್ಬಿಯೊಳಗೆ ಒಂದು ಪುಟ್ಟ ಮೈಕ್ರೋಕಂಟ್ರೋಲರ್ ಉಷ್ಣತೆಯನ್ನು ನೋಡುತ್ತಾ, ಮೊದಲೇ ತುಂಬಿಸಿಟ್ಟ ಕೋಷ್ಟಕದ ಪ್ರಕಾರ ಪ್ರತಿ ಲೇಸರಿನ ಕರೆಂಟನ್ನೂ ಬೇರೆಬೇರೆಯಾಗಿ ತಿದ್ದುತ್ತಿರುತ್ತದೆ.

ಬಾಳಿಕೆಯ ಲೆಕ್ಕವೂ ಸಾಲಿಗೆ ನಿಷ್ಠುರವಾದದ್ದು. ಒಂದು ಲೇಸರ್ ಒಂದು ಅವಧಿಯವರೆಗೆ ಉಳಿಯುವ ಸಾಧ್ಯತೆ ನೂರಕ್ಕೆ 99 ಎಂದುಕೊಳ್ಳಿ. ಹನ್ನೆರಡೂ ಉಳಿಯುವ ಸಾಧ್ಯತೆ ನೂರಕ್ಕೆ 89ಕ್ಕೆ ಇಳಿಯುತ್ತದೆ. ಒಂದು ಲೇಸರಿಗೆ ಒಪ್ಪಬಹುದಾದ ಗುಣಮಟ್ಟ ಸಾಲಿಗೆ ಒಪ್ಪುವುದಿಲ್ಲ.

ಧೂಳೂ ಹಾಗೆಯೇ. ಅದಿರಿನ ಕೆಂಪು ಧೂಳು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹನ್ನೆರಡು ಎಳೆಗಳ ಕನೆಕ್ಟರಿನಲ್ಲಿ ಎಲ್ಲ ತುದಿಗಳೂ ಒಂದೇ ಮುಖದಲ್ಲಿ ಎದುರುಬದುರಾಗಿ ಒತ್ತಿಕೊಂಡು ಕೂರಬೇಕು. ಎಳೆಗಳ ನಡುವಿನ ಖಾಲಿ ಜಾಗದಲ್ಲಿ ಒಂದು ಕಣ ಸಿಕ್ಕಿದರೂ ಇಡೀ ಮುಖ ಎದ್ದು ನಿಂತು, ಕಣವೇ ಇಲ್ಲದ ಎಳೆಗಳ ನಡುವೆಯೂ ಗಾಳಿ ಬಿಡುತ್ತದೆ. ಈ ಕಾರಣಕ್ಕೆ ಕೆಲಸ ಮಾಡುವ ಹುಡುಗರಿಗೆ ಕನೆಕ್ಟರನ್ನು ಜೋಡಿಸುವ ಮೊದಲು ಪ್ರತಿ ಸಲವೂ ನೋಡು, ಒರೆಸು, ಮತ್ತೆ ನೋಡು ಎಂದು ಕಲಿಸುತ್ತಾರೆ.

ಇಷ್ಟು ಹೇಳಿದ ಮೇಲೆ, ನಮ್ಮ ನಾಡಿಗೂ ಇದಕ್ಕೂ ಏನು ನಂಟು ಎಂದು ಕೇಳುವುದು ನ್ಯಾಯ. ನಂಟಿದೆ. 1950ರಲ್ಲಿ ಹುಬ್ಬಳ್ಳಿಯಲ್ಲಿ ಹುಟ್ಟಿದ ಗುರುರಾಜ ದೇಶಪಾಂಡೆ 1998ರಲ್ಲಿ ಅಮೆರಿಕದಲ್ಲಿ ಸಿಕಾಮೋರ್ ನೆಟ್‌ವರ್ಕ್ಸ್ ಕಟ್ಟಿದವರಲ್ಲೊಬ್ಬರು. ಬೆಳಕಿನ ಜಾಲಗಳನ್ನು ಸಾಫ್ಟ್‌ವೇರಿನಿಂದ ನಡೆಸುವ ಉಪಕರಣ ಅವರದು. 2000ರಲ್ಲಿ ಬೆಂಗಳೂರಿನಲ್ಲಿ ತೇಜಸ್ ನೆಟ್‌ವರ್ಕ್ಸ್ ಶುರುವಾದಾಗಲೂ ಅವರ ಬೆಂಬಲವಿತ್ತು. ತೇಜಸ್‌ನ ಸ್ಥಾಪಕರಲ್ಲಿ ಕುಮಾರ್ ಶಿವರಾಜನ್ ಒಬ್ಬರು. ಅವರು ರಾಜೀವ್ ರಾಮಸ್ವಾಮಿ ಅವರೊಂದಿಗೆ ಬರೆದ ಬೆಳಕಿನ ಜಾಲಗಳ ಪಠ್ಯಪುಸ್ತಕವನ್ನು ಜಗತ್ತಿನ ಎಷ್ಟೋ ಕಡೆ ಓದುತ್ತಾರೆ. ಭಾರತ್‌ನೆಟ್ಟಿಗೆ ಜಿಪಾನ್ ಉಪಕರಣ ಒದಗಿಸಿದವರಲ್ಲಿ ಈ ಕಂಪನಿಯೂ ಇದೆ. ಇನ್‌ಫಿನೆರಾ ಎಂಬ, ಬೆಂಗಳೂರಿನಲ್ಲೂ ಕೇಂದ್ರವಿದ್ದ ಅಮೆರಿಕದ ಕಂಪನಿ 2004-05ರ ಹೊತ್ತಿಗೆ ಒಂದೇ ಇಂಡಿಯಂ ಫಾಸ್ಫೈಡ್ ಚಿಪ್ಪಿನ ಮೇಲೆ ಹತ್ತು ಬೇರೆಬೇರೆ ಬಣ್ಣದ ಲೇಸರುಗಳನ್ನು ಕೂರಿಸಿ, ಹತ್ತರ ಬೆಳಕನ್ನೂ ಒಂದೇ ಎಳೆಗೆ ಸೇರಿಸಿ 100 ಗಿಗಾಬಿಟ್ ಕಳಿಸಿ ತೋರಿಸಿತು. ಎಳೆಗಳಲ್ಲಿ ಸಮಾಂತರವಲ್ಲ, ಬಣ್ಣಗಳಲ್ಲಿ ಸಮಾಂತರ. 2025ರಲ್ಲಿ ಆ ಕಂಪನಿ ನೋಕಿಯಾ ಪಾಲಾಯಿತು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಚಾಲನೆಗೆ ಬಂದ ಪರಮ್ ಪ್ರವೇಗ 3.3 ಪೆಟಾಫ್ಲಾಪ್ ಸಾಮರ್ಥ್ಯದ ಸೂಪರ್ ಕಂಪ್ಯೂಟರು. ಅದರೊಳಗಿನ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿರುವುದು ಎಚ್‌ಡಿಆರ್ ಮಟ್ಟದ ಇನ್ಫಿನಿಬ್ಯಾಂಡ್ ಜಾಲ. ಆ ಮಾನಕದ ಪೂರ್ಣ ಕೊಂಡಿಯೊಂದರಲ್ಲಿ 4 ಸಾಲು, ಸಾಲಿಗೆ 50 ಗಿಗಾಬಿಟ್. ನಮ್ಮ ವಿಜ್ಞಾನಿಗಳು ಹವಾಮಾನವನ್ನೋ ಅಣುಗಳ ಚಲನೆಯನ್ನೋ ಲೆಕ್ಕ ಹಾಕುವಾಗ ಅದರ ಬೆನ್ನಿಗಿರುವುದು ಈ ಸಾಲುಗಳೇ. ಅದೇ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ಶಂಕರ್ ಕುಮಾರ್ ಸೆಲ್ವರಾಜ ಅವರ ಪ್ರಯೋಗಾಲಯ ಸಿಲಿಕಾನಿನ ಮೇಲೆ ಬೆಳಕಿನ ಹಾದಿಗಳನ್ನು ಕೊರೆಯುವ ಕೆಲಸದಲ್ಲಿ ತೊಡಗಿದೆ.

ಇಷ್ಟಿದ್ದೂ ಒಂದು ಮಾತನ್ನು ನೇರವಾಗಿ ಹೇಳಬೇಕು. ನಮ್ಮಲ್ಲಿ ಉಪಕರಣದ ವಿನ್ಯಾಸ ಇದೆ, ಚಿಪ್ಪಿನ ವಿನ್ಯಾಸ ಇದೆ, ಸಾಫ್ಟ್‌ವೇರ್ ಬೇಕಾದಷ್ಟಿದೆ. ಆದರೆ ಸಾಲಿನ ಹೃದಯವಾದ ಲೇಸರ್ ಚಿಪ್ಪು ಇಂದಿಗೂ ಬಹುಪಾಲು ಹೊರದೇಶದಿಂದಲೇ ಬರುತ್ತದೆ. ಗ್ಯಾಲಿಯಂ ಆರ್ಸೆನೈಡ್ ಬಿಲ್ಲೆಯ ಮೇಲೆ ಪದರಪದರವಾಗಿ ಹರಳು ಬೆಳೆಸುವ ಕೈಗಳು ನಮ್ಮಲ್ಲಿ ಕಡಿಮೆ. 2021ರ ಕೊನೆಯಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ಅರೆವಾಹಕ ಯೋಜನೆಯಲ್ಲಿ ಸಂಯುಕ್ತ ಅರೆವಾಹಕಗಳಿಗೂ ಸಿಲಿಕಾನ್ ಫೋಟಾನಿಕ್ಸಿಗೂ ಬೇರೆಯೇ ನೆರವು ಇಟ್ಟಿದ್ದಾರೆ. ಕಟ್ಟಡಕ್ಕೆ ಹಣ ಸಿಕ್ಕೀತು. ಕುಶಲ ಕೈಗಳು ತಯಾರಾಗಲು ಹತ್ತಿಪ್ಪತ್ತು ವರ್ಷ ಹಿಡಿಯುತ್ತದೆ. ಅವು ಕಾಲೇಜಿನ ಪ್ರಯೋಗಾಲಯದಲ್ಲಿ ತಯಾರಾಗಬೇಕು. ಆ ಕಾಲೇಜು ಬೆಂಗಳೂರಿನದೇ ಆಗಬೇಕೆಂದೇನೂ ಇಲ್ಲ.

ಪ್ರೇಷಕದ ವಿನ್ಯಾಸದ ದಿಕ್ಕೂ ಬದಲಾಗುತ್ತಿದೆ. 800 ಗಿಗಾಬಿಟ್ಟಿನ ಒಂದು ಮಾಡ್ಯೂಲ್ ಸುಮಾರು 15 ವ್ಯಾಟ್ ತಿನ್ನುತ್ತದೆ. 51.2 ಟೆರಾಬಿಟ್ಟಿನ ಒಂದು ಸ್ವಿಚ್ಚಿಗೆ ಅಂಥವು 64 ಬೇಕು. ಬರೀ ಬೆಳಕಿನ ಡಬ್ಬಿಗಳಿಗೇ ಒಂದು ಕಿಲೋವ್ಯಾಟಿಗೆ ಹತ್ತಿರ. ಸ್ವಿಚ್ ಚಿಪ್ಪಿನಿಂದ ಮುಂಭಾಗದ ಡಬ್ಬಿಯವರೆಗಿನ ಒಂದು ಗೇಣು ತಾಮ್ರದಲ್ಲಿ ಆಗುವ ನಷ್ಟವನ್ನು ತುಂಬಿಕೊಡಲು ಇದರಲ್ಲಿ ಬಹಳಷ್ಟು ಹೋಗುತ್ತದೆ. ಆದ್ದರಿಂದ ಪ್ರೇಷಕವನ್ನೇ ಸ್ವಿಚ್ ಚಿಪ್ಪಿನ ಪಕ್ಕಕ್ಕೆ, ಒಂದೇ ಹಲಗೆಯ ಮೇಲೆ ತರುವ ಪ್ರಯತ್ನ ನಡೆದಿದೆ. ಬ್ರಾಡ್‌ಕಾಮ್ ಅಂಥ ಸ್ವಿಚ್ ತಂದಿದೆ. ಎನ್‌ವಿಡಿಯಾ 2025ರ ಮಾರ್ಚ್‌ನಲ್ಲಿ ತನ್ನದನ್ನು ಘೋಷಿಸಿತು. ಇವುಗಳಲ್ಲಿ ಬೆಳಕನ್ನು ಮಿಡಿಸುವುದು ಸಿಲಿಕಾನಿನ ಮೇಲೆ ಕೊರೆದ ಮಾಡ್ಯುಲೇಟರುಗಳು. ಸಿಲಿಕಾನ್ ತಾನೇ ಬೆಳಕು ಕೊಡಲಾರದು; ಲೇಸರನ್ನು ಬಿಸಿಯಿಂದ ದೂರ, ಮುಂಭಾಗದಲ್ಲಿ ಇಟ್ಟು ಎಳೆಯ ಮೂಲಕ ಒಳಗೆ ಬೆಳಕು ತರುತ್ತಾರೆ. ಕೆಟ್ಟರೆ ಅದೊಂದನ್ನೇ ಕಿತ್ತು ಬದಲಿಸಬಹುದು. ಶಾಖ ಲೇಸರನ್ನು ಕಾಡುವುದು ತಪ್ಪಿತು. ಮಾಡ್ಯುಲೇಟರನ್ನು ಕಾಡುವುದು ಶುರುವಾಯಿತು. ಸಮತೆಯ ಕೆಲಸ ಮುಗಿದಿಲ್ಲ, ಜಾಗ ಬದಲಿಸಿದೆ.

ಮುಂದೆ ಕೂತಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಲಕ್ಷಾಂತರ ರೂಪಾಯಿಯ ಆಸಿಲೋಸ್ಕೋಪ್ ನಿಮ್ಮಲ್ಲಿ ಇಲ್ಲದಿರಬಹುದು. ಆದರೆ ನಾಲ್ಕು ಸಾಲಿನ 40 ಗಿಗಾಬಿಟ್ ಮಾಡ್ಯೂಲುಗಳು ಮತ್ತು ಅವು ಕೂರುವ ಹಳೆಯ ಸ್ವಿಚ್ಚುಗಳು ಈಗ ಬಳಸಿದ ಸಾಮಾನಿನ ಮಾರುಕಟ್ಟೆಯಲ್ಲಿ ಸಿಗುತ್ತವೆ. ಆ ಡಬ್ಬಿಯೊಳಗಿನ ಮೈಕ್ರೋಕಂಟ್ರೋಲರ್ ತನ್ನ ಲೆಕ್ಕವನ್ನೆಲ್ಲ ಒಂದು ಸಾಮಾನ್ಯ ಐ-ಸ್ಕ್ವೇರ್ಡ್-ಸಿ ತಂತಿಯಲ್ಲಿ ಒಪ್ಪಿಸುತ್ತದೆ. ಈ ಮಾಡ್ಯೂಲುಗಳ ಮಾನಕದ ಪ್ರಕಾರ 22 ಮತ್ತು 23ನೇ ಬೈಟುಗಳಲ್ಲಿ ಉಷ್ಣತೆ, ಡಿಗ್ರಿಯ 256ನೇ ಒಂದು ಪಾಲಿನ ಲೆಕ್ಕದಲ್ಲಿ. 42ರಿಂದ 49ರವರೆಗೆ ನಾಲ್ಕು ಲೇಸರುಗಳ ಕರೆಂಟು, 2 ಮೈಕ್ರೋಆಂಪಿಯರಿನ ಲೆಕ್ಕದಲ್ಲಿ. 34ರಿಂದ 41ರವರೆಗೆ ನಾಲ್ಕು ಸಾಲುಗಳಲ್ಲಿ ಬಂದು ತಲುಪಿದ ಬೆಳಕು. ಎರಡು ಮಾಡ್ಯೂಲುಗಳನ್ನು ರಿಬ್ಬನ್ ಎಳೆಯಿಂದ ಜೋಡಿಸಿ, ಸ್ವಿಚ್ಚನ್ನು ಓಡುತ್ತಾ ಬಿಟ್ಟು, ಫೆಬ್ರವರಿಯಿಂದ ಮೇವರೆಗೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಈ ಅಂಕಿಗಳನ್ನು ಬರೆದಿಡಿ. ಒಂದು ಸ್ವಿಚ್ಚನ್ನು ಎಸಿ ಕೋಣೆಯಲ್ಲಿಡಿ, ಇನ್ನೊಂದನ್ನು ಫ್ಯಾನಿನ ಕೆಳಗೆ. ನಾಲ್ಕು ಸಾಲುಗಳಲ್ಲಿ ಯಾವುದು ಮೊದಲು ಬಳಲುತ್ತದೆ, ನಡುವಿನ ಎರಡಕ್ಕೂ ಅಂಚಿನ ಎರಡಕ್ಕೂ ಎಷ್ಟು ವ್ಯತ್ಯಾಸ, ಒಮ್ಮೆ ಕನೆಕ್ಟರ್ ಒರೆಸಿದರೆ ಯಾವ ಅಂಕಿ ಎಷ್ಟು ಏರುತ್ತದೆ ಎಂಬುದನ್ನು ಗ್ರಾಫ್ ಮಾಡಿ. ತಂಪು ಕೋಣೆಯಲ್ಲಿ ಕೂತು ವಿನ್ಯಾಸ ಮಾಡುವವರಿಗೆ 40 ಡಿಗ್ರಿಯ ಊರಿನ ಇಂಥ ದಾಖಲೆ ಬೇಕಾಗಿದೆ, ನನಗೂ ಬೇಕಾಗಿದೆ. ಬರೆದವರು ಕಳಿಸಿಕೊಡಿ, ಕೂತು ಒಟ್ಟಿಗೆ ನೋಡೋಣ.